ಗುರುವಾರದ ಕೆಂಪು ಹೂ

"ನಿಲ್ಲಿಸಿ!"

ಕತ್ತಲಲ್ಲಿ ಎದ್ದು ನಿಂತವಳು ಝೆಲಿ ಸ್ಕೊಟ್ಟೊ. ಪರದೆಯ ಮೇಲೆ ಮದುವೆಯ ಔತಣ ನಡೆದಿತ್ತು. ವಧು ಹಾಡುತ್ತಿದ್ದಳು, ನಲವತ್ತು ಜನರ ಮೇಳ ದ್ರಾಕ್ಷಾರಸದ ಬಟ್ಟಲು ಎತ್ತಿ ಹಿಡಿದಿತ್ತು. ಹಿಂದಿನ ಎತ್ತರದ ಕಟ್ಟೆಯ ಮೇಲೆ ಮುಖವಾಡ ತೊಟ್ಟ ಕೌಂಟ್ ತುಟಿಪಿಟಕ್ಕೆನ್ನದೆ ನಿಂತಿದ್ದ.

"ಏನನ್ನ ನಿಲ್ಲಿಸೋದು?" ಮುಂದಿನ ಸಾಲಿನಿಂದ ನಿರ್ಮಾಪಕಿ ಕ್ಲೋತಿಲ್ದ್ ವೆರ್ನಾಕ್ ಹೊರಳಿ ನೋಡಿದಳು. "ಇನ್ನೂ ಮೂರನೇ ಅಂಕ. ತಲೆ ಸಿಡೀತಿದ್ರೆ ಆಚೆ ಹೋಗಿ ಒಂದು ಕಾಫಿ ಕುಡೀರಿ. ಬರುವಾಗ ಸಹಿ ಹಾಕೋಕೆ ಪೆನ್ನು ಮರೀಬೇಡಿ."

"ಪೆನ್ನು ಜೇಬಲ್ಲೇ ಇದೆ. ಸಹಿ ಹಾಕೋ ಮನಸ್ಸೇ ಇಲ್ಲ."

ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ದಕ್ಷಿಣ ಫ್ರಾನ್ಸಿನ ಸೇತ್ ಊರಿನ ಕಾಲುವೆ ದಂಡೆಯ ಸಲೀನ್ ಥಿಯೇಟರಿನಲ್ಲಿ ‘ಉಪ್ಪುಗದ್ದೆಯ ವಧು’ ಒಪೆರಾದ ಚಿತ್ರವನ್ನು ಅದರಲ್ಲಿ ಹಾಡಿದವರಿಗೇ ಮೊದಲು ತೋರಿಸುತ್ತಿದ್ದರು. ನೂರೈವತ್ತು ವರ್ಷದ ಹಳೆಯ ಪ್ರೇಮಕಥೆ. ಈ ಊರಿನ ಹೆಂಗಸರು ಮೀನು ಹೆಚ್ಚುವಾಗಲೂ ಅದನ್ನೇ ಗುನುಗುತ್ತಾರೆ. ಈ ಸಲ ಮಾತ್ರ ಆ ಕಥೆಗೆ ಒಂದು ಹೆಣ ಅಂಟಿಕೊಂಡಿತ್ತು.

ಹದಿನಾರು ದಿನಗಳ ಹಿಂದಿನ ಶನಿವಾರ, ಮೂರನೇ ಅಂಕ ಮುಗಿದು ಪರದೆ ಬಿದ್ದಾಗ ವೇದಿಕೆಯಂಚಿನ ಗೂಡಿನಲ್ಲಿ ಅಡಗಿ ಕೂತು ಹಾಡುವವರಿಗೆ ಸಾಲು ಪಿಸುಗುಟ್ಟುವ ಪ್ರಾಂಪ್ಟರ್ ಅನ್ಸೆಲ್ಮ್ ಪುಜೊಲ್, ವೇದಿಕೆಯ ಕೆಳಗಿನ ಓಣಿಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಒಂಬತ್ತೂ ಹತ್ತಕ್ಕೆ ಆ ಓಣಿಗೆ ಇಳಿದು ಒಂಬತ್ತೂವರೆಗೆ ಮೇಲೆ ಬಂದದ್ದು ಕಣ್ಣಿಗೆ ಬಿದ್ದವನು ಒಬ್ಬನೇ. ಪರದೆ ಏರಿಸಿ ಇಳಿಸುವ ಕೆಲಸದ ಸಿಲ್ವೇರ್, ಝೆಲಿಯ ತಮ್ಮ. ನಾಳೆ ಮೊಂಪೆಲ್ಯೇ ಪಟ್ಟಣದಲ್ಲಿ ನ್ಯಾಯಾಧೀಶೆ ಅವನನ್ನು ಬಿಡುವುದೋ ಒಳಗೇ ಇಡುವುದೋ ತೀರ್ಮಾನಿಸಲಿದ್ದಳು.

ಪೊಲೀಸರು ಶಂಕಿಸಿದ್ದ ಇನ್ನೊಬ್ಬ, ಕೌಂಟ್ ಪಾತ್ರದ ಗಾಯಕ ಗೋತ್ಯೇ ಮೊರ್ಲಾಸ್. ಅವನಿಗೆ ಹಾಡಿನ ಸಾಲುಗಳು ಮರೆತುಹೋಗುತ್ತಿವೆ, ಗೂಡಿನಿಂದ ಪಿಸುಗುಟ್ಟದಿದ್ದರೆ ಬಾಯಿ ತೆರೆಯಲಾರ ಎಂಬ ಗುಟ್ಟು ಪುಜೊಲ್‌ಗೆ ಗೊತ್ತಿತ್ತು. ಆದರೆ ಮೊರ್ಲಾಸ್‌ಗೆ ಈ ಚಿತ್ರವೇ ಸಾಕ್ಷಿ. ಮದುವೆಯ ದೃಶ್ಯದ ಹನ್ನೊಂದು ನಿಮಿಷವೂ ಅವನು ವೇದಿಕೆಯ ಮೇಲೆಯೇ ಇದ್ದಾನೆ, ನಡುವೆ ಮುಖವಾಡ ಎತ್ತಿ ಒಂದು ಗುಟುಕು ದ್ರಾಕ್ಷಾರಸ ಕುಡಿಯುತ್ತಾನೆ, ಇಡೀ ಮುಖ ಕಾಣುತ್ತದೆ.

‘ಈ ಚಿತ್ರ ಆದ್ಯಂತ ಶನಿವಾರದ ಒಂದೇ ಪ್ರದರ್ಶನದಲ್ಲಿ ತೆಗೆದದ್ದು’ ಎಂದು ನ್ಯಾಯಾಧೀಶೆಗೆ ಕಳಿಸುವ ಪತ್ರಕ್ಕೆ ಕಂಟಿನ್ಯುಟಿ ಬರೆದವಳ ಸಹಿ ಬೇಕಾಗಿತ್ತು; ಮೊರ್ಲಾಸ್ ಸಿಕ್ಕಿಬಿದ್ದರೆ ವೆರ್ನಾಕ್‌ಳ ಚಿತ್ರವೂ ಮುಳುಗಿದಂತೆಯೇ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಗುರುತು ಹಾಕುವ ಆ ಕಂಟಿನ್ಯುಟಿ ಬರೆದವಳು ಝೆಲಿ. ಬರೆದ ಪುಸ್ತಕ ನಾಲ್ಕು ದಿನದ ಹಿಂದೆ ಅವಳ ಮೇಜಿನಿಂದಲೇ ಮಾಯವಾಗಿತ್ತು.

"ನಾವು ಎರಡು ದಿನ ಚಿತ್ರೀಕರಿಸಿದ್ವಿ. ಗುರುವಾರ, ಶನಿವಾರ," ಎಂದಳು ಝೆಲಿ. "ಈ ಮದುವೆ ಊಟ ಗುರುವಾರದ್ದು."

ವೆರ್ನಾಕ್ ನಕ್ಕಳು. "ನಿಮ್ಮ ಪುಸ್ತಕದಲ್ಲಿ ಹಾಗಿದ್ರೆ ತೋರಿಸಿ, ನೋಡೋಣ."

"ಪುಸ್ತಕ ಇಲ್ಲ ಅಂತ ನಿಮಗೆ ಚೆನ್ನಾಗೇ ಗೊತ್ತು."

"ಮತ್ತೆ? ಎರಡೂ ದಿನ ಅದೇ ಬಟ್ಟೆ, ಅದೇ ದೀಪ, ಅದೇ ಜನ. ನಾನೇ ಎಡಿಟಿಂಗ್‌ನಲ್ಲಿ ಕೂತಿದ್ದೆ. ಸುಮ್ನೆ ಕಾಗೆ ಹಾರಿಸ್ಬೇಡಿ. ತಮ್ಮನ ಮೇಲಿನ ಪ್ರೀತಿ ನನಗೂ ಅರ್ಥ ಆಗತ್ತೆ."

ಪ್ರೀತಿ ಎಂಬ ಮಾತು ಆ ಬಾಯಲ್ಲಿ ಕೇಳಿ ಝೆಲಿಗೆ ಮೈ ಉರಿಯಿತು. ಇಪ್ಪತ್ತೆಂಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಯಾರ ಗುಂಡಿ ಎಲ್ಲಿಯವರೆಗೆ ಹಾಕಿತ್ತು, ಮೇಣದಬತ್ತಿ ಎಷ್ಟು ಉರಿದಿತ್ತು, ಬಟ್ಟಲು ಯಾವ ಕೈಯಲ್ಲಿತ್ತು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು. ಪುಸ್ತಕ ಕದಿಯಬಹುದು, ಕಣ್ಣು ಕದಿಯಲಾದೀತೇ?

ಅವಳು ಮೇಲಿನ ಪ್ರೊಜೆಕ್ಟರ್ ಕೋಣೆಯ ಕಡೆ ತಿರುಗಿದಳು. ಅಲ್ಲಿ ಎಡಿಟರ್ ತಿಫೇನ್ ಇದ್ದಳು. "ತಿಫೇನ್, ಕೌಂಟ್ ಕುಡಿಯೋ ಶಾಟ್. ಅಲ್ಲೇ ತಡೆದು ನಿಲ್ಲಿಸು."

"ನಾನು ಹೇಳದೆ ಯಾರೂ ಏನೂ ಮುಟ್ಟಬಾರದು," ಎಂದಳು ವೆರ್ನಾಕ್.

ಆದರೂ ಚಿತ್ರ ಓಡಿತು, ನಿಂತಿತು. ಮೊರ್ಲಾಸ್‌ನ ಎತ್ತಿದ ಗಲ್ಲ, ಬಟ್ಟಲು, ಅದರ ಕೆಳಗೆ ಬಿಳಿ ಹಾಸು ಹೊದೆಸಿದ ಮೇಜು, ಮೇಜಿನ ಮೇಲೆ ಹೂದಾನಿ.

"ಫೆರ್ನಾಂದ್ ಅಕ್ಕ," ಝೆಲಿ ಮೇಳದ ಹಿರಿಯಳನ್ನು ಕೂಗಿದಳು. "ಆ ಹೂ ಯಾವುದು?"

ಫೆರ್ನಾಂದ್ ಕನ್ನಡಕ ಹುಡುಕಿ ಹಾಕಿಕೊಂಡಳು. ಮೂವತ್ತೊಂಬತ್ತು ವರ್ಷದಿಂದ ಈ ಥಿಯೇಟರಿನಲ್ಲಿ ಹಾಡಿದ ದಪ್ಪ ದನಿಯ ಹೆಂಗಸು. ಪರದೆ ನೋಡಿದವಳೇ ಎಡಗಡೆ ತಿರುಗಿ ಥೂ ಎಂದು ಉಗಿದಳು.

"ಕಾರ್ನೇಷನ್! ಅಯ್ಯೋ ಶನಿ, ಇದನ್ನ ಸಿನಿಮಾದಲ್ಲೂ ಉಳಿಸಿಕೊಂಡಿದ್ದೀರಾ?"

ಸಾಲುಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಕುರ್ಚಿಯ ಮರ ಮುಟ್ಟಿದರು, ಯಾರೋ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

ಹಿಂದಿನ ಬಾಗಿಲ ಬಳಿ ಕಾಗದದ ಪೊಟ್ಟಣ ಬಿಚ್ಚಿ ತಿಯೆಲ್ ಕಡುಬು ತಿನ್ನುತ್ತಿದ್ದ ಇನ್ಸ್‌ಪೆಕ್ಟರ್ ಬೆಲ್‌ಹಾಜ್ ಕೈ ಒರೆಸಿಕೊಂಡ. ಚಿತ್ರದ ಪ್ರತಿಯನ್ನು ನ್ಯಾಯಾಧೀಶೆಗೆ ಒಯ್ಯಲು ಬಂದವನು ಅವನು. "ಹೂವಿಗೂ ಶನಿಗೂ ಏನು ಸಂಬಂಧ? ನನಗೂ ಸ್ವಲ್ಪ ಹೇಳ್ರಮ್ಮ."

"ಸಾರ್, ಹಿಂದಿನ ಕಾಲದಲ್ಲಿ ಕೆಲಸದಿಂದ ತೆಗೆಯೋ ನಟಿಗೆ ಮಾಲೀಕ ಕಾರ್ನೇಷನ್ ಕಳಿಸ್ತಿದ್ದ. ಉಳಿಸ್ಕೊಳ್ಳೋಳಿಗೆ ಗುಲಾಬಿ," ಎಂದಳು ಫೆರ್ನಾಂದ್. "ಅವತ್ತಿಂದ ಈ ಹೂ ರಂಗಕ್ಕೆ ಕಾಲಿಡೋ ಹಾಗಿಲ್ಲ. ನನ್ನ ಮಗಳ ಮದುವೇಲೂ ನಾನು ಇಡಿಸಿಲ್ಲ. ಗುರುವಾರ ಈ ಪ್ಯಾರಿಸ್ ಸಿನಿಮಾದೋರು ಕಾಗದದ ಗುಲಾಬಿ ಕ್ಯಾಮೆರಾದಲ್ಲಿ ಸುಳ್ಳು ಕಾಣತ್ತೆ ಅಂತ ಬುಟ್ಟಿಗಟ್ಟಲೆ ಇದನ್ನ ತಂದು ಸುರಿದ್ರು. ಪರದೆ ಎದ್ದ ಮೇಲೆ ನೋಡಿದ್ವಿ, ಏನು ಮಾಡೋದು? ಹಾಡಿದ್ವಿ. ಅಂಕ ಮುಗಿದದ್ದೇ ಎಲ್ಲಾನೂ ಕಾಲುವೆಗೆ ಎಸೆದ್ವಿ. ಎಸೆಯೋವರೆಗೂ ನಾಲ್ಕನೇ ಅಂಕಕ್ಕೆ ಹೋಗಲ್ಲ ಅಂತ ಕೂತ್ವಿ."

"ಶನಿವಾರ?"

"ಶನಿವಾರ ಮತ್ತೆ ನಮ್ಮ ಕಾಗದದ ಗುಲಾಬಿ! ನಾನೇ ಮುಟ್ಟಿ ನೋಡಿ ಒಳಗೆ ಬಿಟ್ಟಿದ್ದು."

ಝೆಲಿ ನಿರ್ಮಾಪಕಿಯ ಎದುರಿಗೆ ಬಂದು ನಿಂತಳು. "ಸಿನಿಮಾದೋರ ಕಣ್ಣಿಗೆ ಕೆಂಪು ಹೂ ಅಂದ್ರೆ ಕೆಂಪು ಹೂ. ಅದಕ್ಕೇ ನಿಮಗೆ ಕಾಣ್ಲಿಲ್ಲ. ಕೌಂಟ್ ಇರೋ ಪ್ರತಿಯೊಂದು ಶಾಟ್‌ನಲ್ಲೂ ಈ ಹೂ ಇದೆ. ಶನಿವಾರ ಈ ಮನುಷ್ಯ ಎಲ್ಲಿದ್ದ ಅನ್ನೋದಕ್ಕೆ ನಿಮ್ಮ ಸಿನಿಮಾ ಸಾಕ್ಷಿ ಅಲ್ಲ."

"ಕೂತ್ಕೊಳ್ಳಿ ಝೆಲಿ." ವೆರ್ನಾಕ್‌ಳ ನಗು ಇಂಗಿಹೋಗಿತ್ತು. ಅವಳು ಸಭೆಯ ಕಡೆ ತಿರುಗಿದಳು. "ಚಳಿಗಾಲದಲ್ಲಿ ಇಲ್ಲಿ ಇನ್ನೊಂದು ಒಪೆರಾ ತೆಗೀತೀನಿ. ಮೇಳಕ್ಕೆ ಯಾರ್ಯಾರನ್ನ ಕರೀಬೇಕು ಅಂತ ಪಟ್ಟಿ ಮಾಡೋಳು ನಾನು. ಇದು ಗುರುವಾರದ ಹೂ ಅಂತ ಇನ್ಸ್‌ಪೆಕ್ಟರ್ ಮುಂದೆ ಹೇಳೋರು ಎದ್ದು ನಿಲ್ಲಿ, ಮುಖ ನೋಡಿಕೊಳ್ತೀನಿ."

ಝೆಲಿ ಸಾಲುಗಳ ಕಡೆ ನೋಡಿದಳು. ಈ ಜನಕ್ಕೂ ಮನೆ ಮಕ್ಕಳಿದ್ದಾರೆ, ಚಳಿಗಾಲವೂ ಇದೆ.

ಫೆರ್ನಾಂದ್ ಮೊಣಕಾಲು ಹಿಡಿದುಕೊಂಡು ಎದ್ದಳು. "ನನ್ನ ಮುಖ ಚೆನ್ನಾಗಿ ನೋಡಿಕೊಳ್ಳಮ್ಮ. ಈ ಕಡೆಯಿಂದ ಇನ್ನೂ ಚೆಂದ ಕಾಣತ್ತೆ. ಗುರುವಾರದ ಹೂ."

ಅವಳ ಹಿಂದೆ ಒಬ್ಬ ಎದ್ದ. ಆಮೇಲೆ ವಧುವಿನ ಪಾತ್ರದವಳು ಎದ್ದಳು. ಪಿಟೀಲಿನವರು, ಬಣ್ಣ ಹಚ್ಚುವವರು, ದೀಪದವರು, ಒಬ್ಬೊಬ್ಬರಾಗಿ ಮೇಳವೆಲ್ಲ ಎದ್ದು ನಿಂತಿತು. ಕೂತಿದ್ದವರು ಇಬ್ಬರೇ, ವೆರ್ನಾಕ್ ಮತ್ತು ಮೊರ್ಲಾಸ್.

"ಹಾಗಾದ್ರೆ ಶನಿವಾರದ ಚಿತ್ರ ಎಲ್ಲಿ?" ಎಂದ ಬೆಲ್‌ಹಾಜ್.

"ಇಲ್ಲೇ ನನ್ನ ಹತ್ರ ಇದೆ ಸಾರ್," ಮೇಲಿನ ಕಿಂಡಿಯಿಂದ ತಿಫೇನ್ ತಲೆ ಹೊರಹಾಕಿದಳು. "ಅಳಿಸಿಬಿಡು ಅಂದಿದ್ರು. ನಾನು ಅಳಿಸಲಿಲ್ಲ. ಹಾಕ್ಲಾ?"

ವೆರ್ನಾಕ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪರದೆ ಬೆಳಗಿತು.

ಅದೇ ಮದುವೆ, ಅದೇ ಬಟ್ಟಲುಗಳು. ಮೇಜಿನ ಮೇಲೆ ಕಾಗದದ ಗುಲಾಬಿ. ಕಟ್ಟೆಯ ಮೇಲೆ ಮುಖವಾಡದ ಕೌಂಟ್. ಮೂಲೆಯಲ್ಲಿ ಗಡಿಯಾರದ ಅಂಕಿಗಳು ಓಡುತ್ತಿದ್ದವು: ಒಂಬತ್ತೂ ಹದಿನೈದು.

ಈ ಕೌಂಟ್ ಎರಡು ಬೆರಳಷ್ಟು ಕುಳ್ಳ. ನಿಲುವಂಗಿ ನೆಲಕ್ಕೆ ತಾಗುತ್ತಿತ್ತು. ಮುಖವಾಡ ಮೂಗಿನವರೆಗೆ ಮಾತ್ರ ಇಳಿದಿತ್ತು. ಅದರ ಕೆಳಗಿನ ತುಟಿಗಳು ಅಲ್ಲಾಡುತ್ತಿದ್ದವು.

"ಇದಕ್ಕೇ ತೆಗೆದುಹಾಕಿದ್ದು," ವೆರ್ನಾಕ್ ಸಿಡುಕಿದಳು. "ಮೊರ್ಲಾಸ್ ಕುಡಿದು ಬಂದು ಏನೋ ಗೊಣಗ್ತಿದ್ದಾನೆ ಅಂದುಕೊಂಡೆ. ಸುಮ್ನೆ ನಿಲ್ಲೋ ಪಾತ್ರ, ಅದೂ ಬರ್ಲಿಲ್ಲ."

ಝೆಲಿ ಪರದೆಯ ಹತ್ತಿರ ಹೋದಳು. ಗೊಣಗಾಟವಲ್ಲ. ವಧು ಹಾಡುವಾಗ ಆ ತುಟಿಗಳು ವಧುವಿನ ಸಾಲು ಹೇಳುತ್ತಿದ್ದವು. ತಾಯಿ ಹಾಡುವಾಗ ತಾಯಿಯ ಸಾಲು, ಮೇಳಕ್ಕೆ ಮೇಳದ ಸಾಲು. ಪ್ರತಿ ಸಲವೂ ಹಾಡುವವರಿಗಿಂತ ಅರೆಕ್ಷಣ ಮುಂಚೆ.

ಒಪೆರಾದ ಎಲ್ಲರ ಸಾಲುಗಳನ್ನೂ ಅರೆಕ್ಷಣ ಮುಂಚೆ ಹೇಳುವವನು ಒಬ್ಬನೇ. ಅದು ಅವನ ಉಸಿರಾಟವೇ ಆಗಿಹೋಗಿತ್ತು, ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವನಿಂದ ಆಗದ ಕೆಲಸ.

"ಪುಜೊಲ್," ಎಂದಳು ಫೆರ್ನಾಂದ್. ಅವಳ ದನಿ ಮೊದಲ ಸಲ ಸಣ್ಣಗಾಗಿತ್ತು. "ಅಯ್ಯೋ ನನ್ನಪ್ಪ, ಅದು ನಮ್ಮ ಪುಜೊಲ್."

ಮುಖ ಮುಚ್ಚಿಕೊಂಡು ಕೂತಿದ್ದ ಮೊರ್ಲಾಸ್ ಬೆರಳ ಸಂದಿಯಿಂದಲೇ ಹೇಳಿದ:

"ಕೇಳಿಕೊಂಡ. ಮೂವತ್ತೊಂದು ವರ್ಷ ಗೂಡಲ್ಲಿ ಕೂತು ನಿಮ್ಮೆಲ್ಲರ ಪಾದ ನೋಡಿದ್ದೀನಿ, ಒಂದೇ ಒಂದು ಸಲ ನಿಂತು ಜನರ ಮುಖ ನೋಡ್ತೀನಿ ಅಂದ. ಹೆಂಗೂ ಮುಖವಾಡ, ಮಾತಿಲ್ಲದ ದೃಶ್ಯ. ಕ್ಯಾಮೆರಾನೂ ಇದೆ, ಸತ್ತ ಮೇಲೂ ಉಳೀತೀನಿ ಅಂದ. ನನ್ನ ಮಾನ ಕಾಪಾಡಿದ ಮನುಷ್ಯ, ಹೇಗೆ ಇಲ್ಲ ಅನ್ನಲಿ? ನಿಲುವಂಗಿ ಕೊಟ್ಟು ಕಾಲುವೆ ಪಕ್ಕದ ಹೋಟೆಲಲ್ಲಿ ಕೂತಿದ್ದೆ. ಆಮೇಲೆ ನಿಲುವಂಗಿ ಕಳಚಿಟ್ಟು ಕೆಳಗಿಳಿದವನು ಅಲ್ಲೇ ಸತ್ತ. ಹೇಳೋಕೆ ಧೈರ್ಯ ಬರ್ಲಿಲ್ಲ."

"ಧೈರ್ಯ ಬರ್ಲಿಲ್ಲ," ಝೆಲಿ ಕಿಡಿಕಾರಿದಳು. "ನಿಮ್ಮ ಧೈರ್ಯ ಬರೋವರೆಗೂ ನನ್ನ ತಮ್ಮ ಜೈಲಲ್ಲಿ ಕೂತಿರಬೇಕಿತ್ತಾ?"

ಅವಳು ಬೆಲ್‌ಹಾಜ್ ಕಡೆ ತಿರುಗಿದಳು. ಹದಿನಾರು ದಿನ ನುಂಗಿದ್ದೆಲ್ಲ ಒಟ್ಟಿಗೇ ಹೊರಬಂತು. "ನೋಡಿದ್ರಾ ಸಾರ್? ಒಂಬತ್ತೂ ಹದಿನೈದರಿಂದ ಇಪ್ಪತ್ತಾರರವರೆಗೆ ಪುಜೊಲ್ ಇಷ್ಟು ಜನರ ಮುಂದೆ ನಿಂತಿದ್ದ. ಕೆಳಗೆ ಆ ಹೊತ್ತಲ್ಲಿ ನನ್ನ ತಮ್ಮ ಯಾರನ್ನ ಹೊಡೆದ? ಗಾಳೀನಾ?"

"ಇಪ್ಪತ್ತಾರರಿಂದ ಮೂವತ್ತರವರೆಗೆ ನಾಲ್ಕು ನಿಮಿಷ ಉಳೀತಲ್ಲಮ್ಮ."

"ಉಳೀಲಿ. ಮೇಲೆ ನಿಂತವನು ಪುಜೊಲ್ ಆದ್ರೆ, ಕೆಳಗೆ ಗೂಡಲ್ಲಿ ಕೂತಿದ್ದವನು ಯಾರು? ಆ ದೃಶ್ಯದಲ್ಲಿ ಯಾರಿಗಾದ್ರೂ ಸಾಲು ಮರೆತಿತ್ತಾ?"

"ನನಗೇ," ಎಂದಳು ಫೆರ್ನಾಂದ್. "ಎರಡು ಸಲ. ಗೂಡಿಂದ ಹೇಳಿಕೊಟ್ರು, ಹಿಡ್ಕೊಂಡೆ. ಪುಜೊಲ್ ಅಲ್ದೆ ಇನ್ಯಾರು ಅಂತ ಯಾರು ನೋಡ್ತಾರೆ? ಪಿಸುಮಾತಿಗೆ ಮುಖ ಎಲ್ಲಿದೆ?"

"ಗೂಡಿನ ಅಂಚಿಗೆ ಮೈಕು ಇಟ್ಟಿದ್ವಿ," ಎಂದಳು ಝೆಲಿ. "ಪುಜೊಲ್ ಮೆಟ್ಟಿಲಿಳಿದು, ಆ ಓಣಿ ದಾಟಿ ಅದೇ ಗೂಡಿಗೆ ವಾಪಸ್ ಹೋಗಬೇಕು. ಬೇರೆ ದಾರಿ ಇಲ್ಲ. ಅಲ್ಲಿ ಕಾದು ಕೂತವನೇ ಕೊಲೆಗಾರ. ಇನ್ಸ್‌ಪೆಕ್ಟರ್, ಬರ್ಕೊಳ್ಳಿ, ನಾನು ಹೇಳಿದೆ ಅಂತ ಬರ್ಕೊಳ್ಳಿ. ಆ ಪಿಸುಮಾತು ಯಾರದೋ, ಕೊಲೆ ಅವನದು."

ಬೆಲ್‌ಹಾಜ್ ಬರೆದುಕೊಂಡ.

"ಹಾಕು ತಿಫೇನ್. ಗೂಡಿನ ಮೈಕು ಒಂದೇ. ಹಾಡು ಬೇಡ."

ಪರದೆಯ ಮೇಲೆ ಬಾಯಿಗಳು ತೆರೆದು ಮುಚ್ಚಿದವು. ಹಾಡು ದೂರದ ಗುಂಯ್‌ಗಾಟವಾಗಿ ಉಳಿಯಿತು. ಅದರ ಮೇಲೆ, ಕಿವಿಯ ಪಕ್ಕದಲ್ಲೇ ಕೂತು ಹೇಳಿದಂತೆ, ಒಂದು ಪಿಸುಮಾತು ಬಂತು.

ಒಂದು ಸಾಲು. ಇನ್ನೊಂದು ಸಾಲು. ಸಕಾರ ಬಂದಲ್ಲೆಲ್ಲ ಎಳೆಯಂಥ ಒಂದು ಸೀಟಿ.

ಝೆಲಿ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಸೇಂಟ್ ಲೂಯಿ ಹಬ್ಬದಲ್ಲಿ ದೋಣಿಯಿಂದ ದೋಣಿಗೆ ನೂಕಾಡಿ ನೀರಿಗೆ ಕೆಡಹುವ ಕಾಳಗದಲ್ಲಿ ಎದುರಾಳಿಯ ಕೋಲು ಜಾರಿ ಸಿಲ್ವೇರ್‌ನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಕಾಲುವೆಯಿಂದ ಎದ್ದು ಬಂದವನು ನಗುತ್ತಾ ಅಕ್ಕನನ್ನು ಕೂಗಿದಾಗಲೇ ಆ ಸೀಟಿ ಮೊದಲು ಕೇಳಿಸಿತ್ತು. ಹಲ್ಲು ಕಟ್ಟಿಸಿಕೊಳ್ಳೋ ಎಂದರೆ ಕೇಳಲಿಲ್ಲ, ಅದು ನನ್ನ ಪದಕ ಎನ್ನುತ್ತಿದ್ದ. ರಂಗದ ಮೇಲೆ ಸೀಟಿ ಹೊಡೆದರೆ ತಲೆಯ ಮೇಲೆ ಪರದೆ ಬೀಳುತ್ತದೆ ಎಂದು ಈ ಥಿಯೇಟರಿನಲ್ಲಿ ಎಲ್ಲರೂ ಹೆದರುವವರು. ಅದಕ್ಕೇ ಪುಜೊಲ್ ಅವನ ಮೇಲೆ ದೂರು ಕೊಟ್ಟದ್ದು, ಅದಕ್ಕೇ ಇಬ್ಬರೂ ಗುರುವಾರ ಎಲ್ಲರೆದುರು ಕೂಗಾಡಿದ್ದು. ಪೊಲೀಸರು ಆ ಜಗಳವನ್ನೇ ಕೊಲೆಗೆ ಕಾರಣ ಎಂದದ್ದು.

‘ಕೆಳಗೆ ಬೋಲ್ಟು ಬಿಗಿ ಮಾಡೋಕೆ ಹೋಗಿದ್ದೆ ಅಕ್ಕ. ಗೂಡಿನ ಹತ್ರಾನೂ ಸುಳೀಲಿಲ್ಲ,’ ಎಂದು ಜೈಲಿನ ಗಾಜಿನಾಚೆಯಿಂದ ಅವನು ಹೇಳಿದ್ದ. ಆ ಮಾತಿನಲ್ಲೂ ಇದೇ ಸೀಟಿ ಇತ್ತು.

ಅಕ್ಕನಿಗೇ ಸುಳ್ಳು ಹೇಳಿದ್ದಾನೆ. ಮಗುವಾಗಿದ್ದಾಗ ಎತ್ತಿ ಆಡಿಸಿದವಳಿಗೆ ಸುಳ್ಳು ಹೇಳಿದ್ದಾನೆ. ಅವಳಿಗೆ ಸಿಟ್ಟು, ಭಯ, ನಾಚಿಕೆ ಎಲ್ಲ ಒಟ್ಟಿಗೇ ಬಂದವು.

ಸಭೆಯಲ್ಲಿ ಅರ್ಧ ಜನಕ್ಕೆ ಆ ಸೀಟಿ ಗೊತ್ತಿತ್ತು. ಯಾರೂ ಅವಳ ಮುಖ ನೋಡಲಿಲ್ಲ. ಬೆಲ್‌ಹಾಜ್ ಈ ಊರಿಗೆ ಹೊಸಬ, ಜಗಳದ ಸುದ್ದಿ ಗೊತ್ತಿದ್ದರೂ ಈ ಸೀಟಿ ಕೇಳಿದವನಲ್ಲ. ಸಿಲ್ವೇರ್ ಅವನೆದುರು ಕೂತಾಗ ಹೂಂ, ಊಹೂಂ ಬಿಟ್ಟು ಬಾಯಿ ಬಿಟ್ಟಿರಲಿಲ್ಲ.

ವೆರ್ನಾಕ್ ಮೆಲ್ಲಗೆ ಎದ್ದು ಝೆಲಿಯ ಪಕ್ಕ ಬಂದಳು. ಆ ಸೀಟಿ ಅವಳಿಗೂ ಗೊತ್ತಿತ್ತು. ಇನ್ಸ್‌ಪೆಕ್ಟರಿಗೆ ಕೇಳದಂತೆ ಹೇಳಿದಳು: "ನಿಲ್ಲಿಸಿಬಿಡೋಣ್ವಾ? ಈ ಪತ್ರಕ್ಕೆ ಸಹಿ ಹಾಕಿ. ಎಲ್ಲ ಶನಿವಾರದ್ದೇ ಅಂತ. ಹೂ ಗೀ ಎಲ್ಲ ಮುದುಕಿಯರ ಮೂಢನಂಬಿಕೆ ಅಂದುಬಿಡಿ. ಈ ಮೈಕು ಕೆಟ್ಟಿತ್ತು ಅಂತ ನಾನು ಹೇಳ್ತೀನಿ, ಈ ದನಿ ಯಾರದು ಅಂತ ಯಾರೂ ಕೇಳಲ್ಲ. ನಿಮ್ಮ ಬಾಯಿಂದಾನೇ ತಮ್ಮನಿಗೆ ಉರುಳು ಹಾಕ್ಬೇಡಿ."

ತನ್ನ ಪೆನ್ನಿನ ಮುಚ್ಚಳ ತೆಗೆದು ಕೈಗೇ ಕೊಟ್ಟಳು.

ಝೆಲಿ ಪತ್ರ ತೆಗೆದುಕೊಂಡಳು. ಕುರ್ಚಿಯ ತೋಳಿನ ಮೇಲೆ ಅದನ್ನು ಮಗುಚಿ ಹಾಕಿ, ಖಾಲಿ ಹಿಂಬದಿಯಲ್ಲಿ ಬರೆದಳು. ಇಪ್ಪತ್ತೆಂಟು ವರ್ಷ ಬರೆದ ಅದೇ ರೀತಿಯಲ್ಲಿ, ಸಾಲು ಬಿಟ್ಟು, ಅಂಕಿ ಹಾಕಿ: ಮೂರನೇ ಅಂಕ, ಮದುವೆ. ಚಿತ್ರ ಗುರುವಾರದ್ದು, ಕಾರ್ನೇಷನ್. ಶನಿವಾರ ಕೌಂಟ್ ಆಗಿ ನಿಂತವನು ಅನ್ಸೆಲ್ಮ್ ಪುಜೊಲ್. ಗೂಡಿನ ದನಿ ಸಿಲ್ವೇರ್ ಸ್ಕೊಟ್ಟೊನದು. ಗುರುತಿಸಿದವಳು ಅವನ ಅಕ್ಕ.

ಅಕ್ಷರ ನೆಟ್ಟಗೆ ಬಂತು. ಸಹಿ ಹಾಕಿ, ಹೋಗಿ ಬೆಲ್‌ಹಾಜ್‌ನ ಕೈಯಲ್ಲಿಟ್ಟಳು.

ಅವನು ಓದಿದ. ಇನ್ನೊಮ್ಮೆ ಓದಿದ. "ಇದು ನ್ಯಾಯಾಧೀಶೆಗೆ ಹೋದ್ರೆ ಏನಾಗತ್ತೆ ಗೊತ್ತಾ? ಆಗ ನೀವೇ ಹೇಳಿದ್ದನ್ನೂ ಬರ್ಕೊಂಡಿದ್ದೀನಿ."

"ಗೊತ್ತು."

"ಮತ್ತೆ ಯಾಕಮ್ಮ?"

"ಅವನು ಕೊಂದಿಲ್ಲ. ಯಾಕೆ ಸುಳ್ಳು ಹೇಳಿದ ಅಂತ ನಂಗೊತ್ತಿಲ್ಲ. ಆದ್ರೆ ಅರ್ಧ ಕತ್ತರಿಸಿದ ಸಿನಿಮಾ ಇಟ್ಕೊಂಡು ಅವನನ್ನ ಬಿಡಿಸಿದ್ರೆ, ನಾನೂ ಈ ಮದಾಂ ಮಾಡೋ ಕೆಲಸಾನೇ ಮಾಡಿದ ಹಾಗೆ." ಅವಳು ಮೇಲಿನ ಕಿಂಡಿಗೆ ಕೂಗಿದಳು. "ಯಾಕೆ ನಿಲ್ಲಿಸಿದೆ ತಿಫೇನ್?"

"ಅಕ್ಕ, ಸಾಕಲ್ವಾ?" ಹುಡುಗಿಯ ದನಿ ಒಡೆದಿತ್ತು.

"ಸಾಕಿಲ್ಲ. ಕೊನೇವರೆಗೂ ಹಾಕು. ಒಂದು ಸೆಕೆಂಡೂ ಬಿಡಬೇಡ."

ಪಿಸುಮಾತು ಮತ್ತೆ ಶುರುವಾಯಿತು. ಒಂಬತ್ತೂ ಇಪ್ಪತ್ತು. ಇಪ್ಪತ್ತೆರಡು. ಸಾಲು, ಸೀಟಿ, ಸಾಲು, ಸೀಟಿ. ಪರದೆಯ ಮೇಲೆ ಪುಜೊಲ್ ಜನರ ಮುಖ ನೋಡುತ್ತಾ ನಿಂತಿದ್ದ, ಅವನ ತುಟಿಗಳೂ ಅದೇ ಸಾಲು ಹೇಳುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅವನಿಗೆ ಸಿಕ್ಕ ಹನ್ನೊಂದು ನಿಮಿಷ.

ಒಂಬತ್ತೂ ಇಪ್ಪತ್ಮೂರಕ್ಕೆ ಗೂಡಿನ ಹಿಂದಿನ ಪುಟ್ಟ ಬಾಗಿಲು ಕಿರ್ರೆಂದಿತು. ಪಿಸುಮಾತು ಸಾಲಿನ ನಡುವೆಯೇ ತುಂಡಾಯಿತು. ಮರದ ಹಲಗೆಯ ಮೇಲೆ ಏನೋ ಸರಿದ ಸದ್ದು.

"ಇಲ್ಲೇ," ಫೆರ್ನಾಂದ್ ಉಸುರಿದಳು. "ಇಲ್ಲೇ ನನಗೆ ಎರಡನೇ ಸಲ ಸಾಲು ಮರೆತದ್ದು."

ಪರದೆಯ ಮೇಲೆ ಫೆರ್ನಾಂದ್ ಬಾಯಿ ತೆರೆದು ತಡವರಿಸಿದಳು. ಪುಜೊಲ್ ಇನ್ನೂ ಕಟ್ಟೆಯ ಮೇಲೆಯೇ ನಿಂತಿದ್ದ, ಎಲ್ಲರ ಕಣ್ಣೆದುರಿಗೆ, ಜೀವಂತ.

ಗೂಡಿನಿಂದ ಪಿಸುಮಾತು ಬಂತು. ಸಾಲು ಸರಿಯಾಗಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಆ ಸಾಲಿನಲ್ಲಿ ನಾಲ್ಕು ಸಕಾರ ಇದ್ದವು.

ಒಂದರಲ್ಲೂ ಸೀಟಿ ಇರಲಿಲ್ಲ.